ಗಾಡಿಯಲ್ಲೇ ದೋಷವಿದ್ದರೆ ದೂರು ಕೊಡುವುದು ಹೇಗೆ?

ಹೊಸ ಗಾಡಿ ತಗೊಂಡು ವರ್ಷವೂ ಆಗಿಲ್ಲ, ಬ್ರೇಕ್ ಒತ್ತಿದರೆ ಒಮ್ಮೊಮ್ಮೆ ಪೆಡಲ್ ಪೂರ್ತಿ ಕೆಳಗೆ ಇಳಿಯುತ್ತದೆ. ಶೋರೂಮಿಗೆ ಹೋದರೆ ಉತ್ತರ ರೆಡಿ: ‘ಈ ಮಾಡೆಲ್ಲೇ ಹಂಗೆ ಸರ್, ಓಡಿಸ್ತಾ ಸರಿಹೋಗ್ತದೆ.’ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇನ್ನೊಂದು ಮಾತೂ ಸೇರುತ್ತದೆ: ‘ನಮ್ ಕಡೆ ಬಿಸಿಲು, ಧೂಳು ಜಾಸ್ತಿ ಅಲ್ವಾ?’

ಇದರಲ್ಲಿ ಸ್ವಲ್ಪ ನಿಜವಿದೆ. ಸಂಡೂರಿನ ಅದಿರು ಲಾರಿಗಳ ಹಿಂದೆ ದಿನಾ ಓಡಾಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಅದು ಸವೆತ, ದೋಷವಲ್ಲ. ಆದರೆ ಪೆಟ್ರೋಲ್ ಜಿನುಗುವುದು, ಓಡುತ್ತಿರುವಾಗಲೇ ಎಂಜಿನ್ ಆಫ್ ಆಗುವುದು, ಸ್ಟೇರಿಂಗ್ ಬಿಗಿಯಾಗುವುದು, ಏರ್‌ಬ್ಯಾಗ್ ದೀಪ ಆರದೇ ಇರುವುದು ಇವನ್ನೆಲ್ಲ ಧೂಳಿನ ತಲೆಗೆ ಕಟ್ಟಿದರೆ ಒಪ್ಪಬೇಡಿ. ಬಿಸಿಲಿನ ನೆಪವೂ ಅಷ್ಟೆ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಹಾಳಾದದ್ದು ಸೆಕೆ, ತೇವದಲ್ಲೇ. ಚೀಲ ಉಬ್ಬಿಸಲು ಇಟ್ಟಿದ್ದ ಅಮೋನಿಯಂ ನೈಟ್ರೇಟ್ ವರ್ಷಗಳು ಕಳೆದಂತೆ ಕೆಟ್ಟು, ಲೋಹದ ಡಬ್ಬಿಯೇ ಸಿಡಿದು ಚೂರುಗಳು ಹಾರುತ್ತಿದ್ದವು. ಬಿಸಿಲೂರಲ್ಲಿ ಗಾಡಿ ಓಡಿಸಿದ್ದು ಮಾಲೀಕರ ತಪ್ಪು ಅಂತ ಯಾರೂ ಹೇಳಲಿಲ್ಲ. ಜಗತ್ತಿನಾದ್ಯಂತ ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಬೇಕಾಯಿತು.

ಮೊದಲು ಜಾಬ್ ಕಾರ್ಡ್

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಕೆಡುತ್ತದೆ. ನೀವು ಸರ್ವಿಸ್ ಅಡ್ವೈಸರ್ ಮುಂದೆ ಹತ್ತು ನಿಮಿಷ ಗೋಳು ಹೇಳಿಕೊಂಡಿರುತ್ತೀರಿ. ಅವರು ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿ ಬಿಡುವಾಗ ದೂರು ಬರೆದುಕೊಳ್ಳುವ ಹಾಳೆಯಲ್ಲಿ, ‘ಜನರಲ್ ಚೆಕಪ್’ ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಮುಂದೆ ಯಾರಾದರೂ ಕೇಳಿದರೆ ನಿಮ್ಮ ದೂರು ಅಂತ ಒಂದು ಇತ್ತು ಅನ್ನುವುದಕ್ಕೇ ಗುರುತಿಲ್ಲ. ‘ಬ್ರೇಕ್ ಸರಿ ಇಲ್ಲ’ ಅಂತ ಬರೆಸಿದರೂ ಸಾಲದು. ಹೀಗೆ ಬರೆಸಿ: ‘ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಪೂರ್ತಿ ಕೆಳಗಿಳಿಯುತ್ತದೆ, ಎರಡನೇ ಸಲ ಒತ್ತಿದರೆ ಹಿಡಿಯುತ್ತದೆ, ವಾರದಲ್ಲಿ ಮೂರು ಸಲ ಆಗಿದೆ.’ ಜೊತೆಗೆ ಆವತ್ತಿನ ತಾರೀಕು, ಮೀಟರಿನ ಕಿಲೋಮೀಟರ್ ಇರಲಿ. ಬರೆಯಲ್ಲ ಅಂದರೆ ಜಗಳ ಬೇಡ. ಅಲ್ಲೇ ಕೂತು ಅದೇ ಮಾತನ್ನು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿ. ದೀಪ ಉರಿಯುವುದು, ಸದ್ದು ಬರುವುದು ಇದ್ದರೆ ಫೋನಿನಲ್ಲಿ ವಿಡಿಯೊ ತೆಗೆದಿಡಿ. ಶೋರೂಮ್ ಬಾಗಿಲಿಗೆ ಹೋದ ಕೂಡಲೇ ಸದ್ದು ನಿಲ್ಲುವುದು ಗಾಡಿಗಳ ಹುಟ್ಟುಗುಣ!

ಚಾಸಿ ನಂಬರ್ ಹಾಕಿ ನೋಡಿ

ನಿಮ್ಮ ಮಾಡೆಲ್‌ಗೆ ಕಂಪನಿಯೇ ಈಗಾಗಲೇ ರೀಕಾಲ್, ಅಂದರೆ ದೋಷ ಸರಿಮಾಡಲು ಗಾಡಿಗಳನ್ನು ವಾಪಸ್ ಕರೆಸುವುದು, ಘೋಷಿಸಿರಬಹುದು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕೆ 17,362 ಕಾರುಗಳನ್ನು ಕರೆಸಿಕೊಂಡಿತು. ಅವು 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ಒಳಗೆ ತಯಾರಾದವು ಮಾತ್ರ. ಅಂದರೆ ಪಕ್ಕದ ಮನೆಯವರ ಅದೇ ಮಾಡೆಲ್ ಕಾರಿಗೆ ಕರೆ ಬರದೆ ನಿಮ್ಮದಕ್ಕೆ ಬರಬಹುದು. ಆ ಕರೆ ಹೋಗುವುದು ಕಂಪನಿ ದಾಖಲೆಯಲ್ಲಿರುವ ಫೋನಿಗೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದು ಕೆಎ 34, 36, 37ರ ಊರುಗಳಲ್ಲಿ ಓಡಿಸುತ್ತಿದ್ದರೆ ಕರೆ ಹಳೇ ಮಾಲೀಕರಿಗೇ ಹೋಗಿರುತ್ತದೆ.

ಆದ್ದರಿಂದ ಕಂಪನಿಯ ಜಾಲತಾಣ ತೆರೆದು ಆರ್‌ಸಿಯಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿ ನಂಬರ್ ಹಾಕಿ ನೋಡಿ. ಆರ್‌ಸಿ ಮಾಸಿದ್ದರೆ ಗಾಡಿಯ ಮೇಲೇ ಕೊರೆದಿರುತ್ತದೆ. ಬೈಕಿನಲ್ಲಿ ಹ್ಯಾಂಡಲ್ ಕೆಳಗೆ ಹುಡುಕಿ, ಬಟ್ಟೆಯಲ್ಲಿ ಒರೆಸಿದರೆ ಕಾಣುತ್ತದೆ. ಈ ನಂಬರಿನಲ್ಲಿ ಐ, ಓ, ಕ್ಯೂ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಓ ಹಾಗೆ ಕಂಡದ್ದು ಸೊನ್ನೆ, ಐ ಹಾಗೆ ಕಂಡದ್ದು ಒಂದು. ರೀಕಾಲ್ ಇದ್ದರೆ ರಿಪೇರಿಗೆ ದುಡ್ಡು ಕೊಡಬೇಕಿಲ್ಲ. ಯಾವ ಭಾಗ ಬದಲಿಸಿದರು ಅಂತ ಬರೆಸಿಕೊಂಡೇ ಬನ್ನಿ.

ರೀಕಾಲ್ ಇಲ್ಲದಿದ್ದರೆ

ಆಗ ಸರ್ಕಾರಕ್ಕೆ ತಿಳಿಸಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಅನ್ನುವ ಸೆಕ್ಷನ್ ತಂದಿತು. ಕಂಪನಿ ತಾನಾಗಿ ಕರೆಸದಿದ್ದರೂ ಕೇಂದ್ರ ಸರ್ಕಾರ ‘ಕರೆಸು’ ಅಂತ ಆದೇಶ ಮಾಡಬಹುದು. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ದಂಡ 1 ಕೋಟಿ ರೂಪಾಯಿವರೆಗೂ ಇದೆ. ಗಾಡಿ ತಯಾರಾಗಿ ಏಳು ವರ್ಷ ಮೀರಿರಬಾರದು. ವಾಹನ್ ಜಾಲತಾಣದ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಿ. ಒಂದು ಮಾಡೆಲ್ ಎಷ್ಟು ಮಾರಾಟವಾಗುತ್ತದೆ ಅನ್ನುವುದಕ್ಕೆ ತಕ್ಕಂತೆ ಇಂತಿಷ್ಟು ದೂರು ಸೇರಿದರೆ ಮುಂದಿನ ಕ್ರಮ. ಹಾಗಾಗಿ ನಿಮ್ಮದೊಂದೇ ದೂರಿಗೆ ನಾಳೆಯೇ ಫಲ ಸಿಗುತ್ತದೆ ಅಂದುಕೊಳ್ಳಬೇಡಿ. ಅದೇ ಮಾಡೆಲ್ ಇಟ್ಟುಕೊಂಡ ಗೆಳೆಯರಿಂದಲೂ ಹಾಕಿಸಿ.

ನಿಮ್ಮ ದುಡ್ಡಿನ ಮಾತು

ನಿಮ್ಮ ಗಾಡಿಯ ಪರಿಹಾರಕ್ಕೆ ದಾರಿ ಬೇರೆ. ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಸಲ ಅಲ್ಲಿಂದ ಕಂಪನಿಗೆ ಒಂದು ಮಾತು ಹೋದರೇ ಗಾಡಿ ರಿಪೇರಿಯಾಗುತ್ತದೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಇದೆ. ರಾಯಚೂರಿನವರು ಹೈದರಾಬಾದಿನಲ್ಲಿ, ಕೊಪ್ಪಳದವರು ಹುಬ್ಬಳ್ಳಿಯಲ್ಲಿ ಗಾಡಿ ತಂದಿದ್ದರೂ ಅಲ್ಲಿಗೆ ಓಡಾಡಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ‘ಮುಂದಿನ ಸರ್ವಿಸ್‌ಗೆ ನೋಡೋಣ’ ಅನ್ನುತ್ತಾ ಶೋರೂಮಿನವರು ಕಳೆಯುವುದು ಈ ಸಮಯವನ್ನೇ.

ತಯಾರಿಕೆಯಲ್ಲೇ ದೋಷ ಅಂತ ನೀವು ಹೇಳಿದರೆ ಕಂಪನಿ ಒಪ್ಪುವುದಿಲ್ಲ. ಗಾಡಿಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ ಅಂತ ಆಯೋಗಕ್ಕೆ ಅರ್ಜಿ ಹಾಕಿ. ಅಲ್ಲಿಯವರೆಗೆ ಕೆಟ್ಟ ಭಾಗವನ್ನು ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಬಿಚ್ಚಿಸಿದರೆ ‘ಕೈ ಹಾಕಿದ್ದು ನೀವೇ’ ಅನ್ನುತ್ತಾರೆ. ದೂರಿನಲ್ಲಿ ಡೀಲರ್ ಹೆಸರಿನ ಜೊತೆ ತಯಾರಿಸಿದ ಕಂಪನಿಯನ್ನೂ ಎದುರು ಪಕ್ಷವಾಗಿ ಸೇರಿಸಿ. ಇಲ್ಲದಿದ್ದರೆ ‘ನಾವು ಮಾರಿದವರು ಅಷ್ಟೆ’ ಎಂದು ಡೀಲರ್ ಕೈ ತೊಳೆದುಕೊಳ್ಳುತ್ತಾರೆ.