ಆಟಿ ಮಳೆಯಲ್ಲಿ ಬ್ರೆವೆ: ಮಂಗಳೂರು–ಮರವಂತೆ ದಾರಿಗೆ ಸೈಕಲ್ ತಯಾರಿ

ಆಟಿ ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳು, ಬ್ರೆವೆ ಅಂದರೆ ಇಷ್ಟು ದೂರವನ್ನು ಇಷ್ಟು ಗಂಟೆಯೊಳಗೆ ಮುಗಿಸಬೇಕು ಎನ್ನುವ ದೂರದ ಸೈಕಲ್ ಸವಾರಿ. ಮಳೆಗಾಲದ ಬ್ರೆವೆಗೆ ಹೆಸರು ಕೊಟ್ಟವರು ಮೊದಲು ಕೇಳುವುದು ಒಳ್ಳೆ ರೈನ್‌ಕೋಟ್ ಯಾವುದು ಅಂತ. ಯಾವುದೂ ಅಲ್ಲ ಮಾರಾಯ್ರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕೋಟು ಹೊರಗಿನ ನೀರು ತಡೆದರೂ ಒಳಗಿನ ಬೆವರು ನಿಮ್ಮನ್ನು ನೆನೆಸುತ್ತದೆ. ಸುರತ್ಕಲ್ ದಾಟುವಷ್ಟರಲ್ಲಿ ಒದ್ದೆ ಆಗಿಯೇ ಆಗುತ್ತೀರಿ. ತೆಳುವಾದ ಒಂದು ವಿಂಡ್‌ಚೀಟರ್ ಸಾಕು. ಆಗುಂಬೆ ಹತ್ತಿ ಇಳಿಯುವ ರೂಟ್ ಆದರೆ ಮಾತ್ರ ಬೇರೆ ಮಾತು. ಅಲ್ಲಿ 14 ತಿರುವು ಇಳಿಯುವಾಗ ಕಾಲು ತುಳಿಯುವುದಿಲ್ಲ, ಮೈ ತಣ್ಣಗಾಗಿ ಬೆರಳು ಮರಗಟ್ಟುತ್ತದೆ. ಅದಕ್ಕೆ ಸರಿಯಾದ ಜಾಕೆಟ್ ಬೇಕೇ ಬೇಕು.

ನನ್ನ ಮನೆ ಕಾಪುವಿನಲ್ಲಿ. ಹೆದ್ದಾರಿ 66 ನನ್ನ ದಿನದ ದಾರಿ. ಹಾಗಾಗಿ ಮಂಗಳೂರಿನಿಂದ ಮರವಂತೆಗೆ ಹೋಗಿ ವಾಪಸ್ ಬರುವ, ಸುಮಾರು 200 ಕಿಲೋಮೀಟರ್ ಬ್ರೆವೆಯ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಗಡಿಯಾರದ ವಿಷಯ. ಬ್ರೆವೆ ರೇಸ್ ಅಲ್ಲ, ಆದರೆ ಸಮಯದ ಮಿತಿ ಉಂಟು. 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮಳೆ ಅಂತ ರಿಯಾಯಿತಿ ಕೇಳುವ ಹಾಗಿಲ್ಲ. ಗಂಟೆಗೆ 20 ಕಿಲೋಮೀಟರ್ ಹೊಡೆದರೆ 10 ಗಂಟೆಯಲ್ಲಿ ಮುಗಿಯುತ್ತದೆ, ನಿಲ್ಲಲಿಕ್ಕೆ ಮೂರೂವರೆ ಗಂಟೆ ಉಳಿಯುತ್ತದೆ. ಮಳೆಯಲ್ಲಿ ಅದು 18ಕ್ಕೆ ಇಳಿದರೆ ಉಳಿಯುವುದು ಎರಡೂಕಾಲು ಗಂಟೆ ಚಿಲ್ಲರೆ, ಅಷ್ಟೇ. ಪಂಕ್ಚರ್, ಊಟ, ಕಂಟ್ರೋಲ್‌ನಲ್ಲಿ (ದಾರಿ ನಡುವಿನ ತಪಾಸಣೆ ಜಾಗ) ಬ್ರೆವೆ ಕಾರ್ಡಿಗೆ ಸೀಲು, ಎಲ್ಲ ಅದರಲ್ಲೇ ಆಗಬೇಕು. ಆದ್ದರಿಂದ ಮಳೆ ಜೋರಾಯಿತು ಅಂತ ಬಸ್ ಸ್ಟ್ಯಾಂಡಿನ ಕೆಳಗೆ ನಿಲ್ಲಬೇಡಿ. ಆಟಿಯ ಮಳೆ ನೀವು ಕಾದಿರಿ ಅಂತ ನಿಲ್ಲುವುದಿಲ್ಲ. ಗುಡುಗು, ಸಿಡಿಲು ಇದ್ದರೆ ಮಾತ್ರ ಕಟ್ಟಡದೊಳಗೆ ಹೋಗಿ ನಿಲ್ಲಿ. ಮರದಡಿಗೆ ಹೋಗಲೇಬೇಡಿ.

ಹೋಟೆಲಿನಲ್ಲೂ ಹುಷಾರು. ಗೋಳಿಬಜೆ, ಬಿಸಿ ಚಾ, ಮೇಲೆ ಫ್ಯಾನು. ಸುಮ್ನೆ ಕೂತರೆ ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಎದ್ದಾಗ ಚಳಿ ಬೇರೆ. ತಿನ್ನಿ, ಹೊರಡಿ. ಜೇಬಿನಲ್ಲಿ ಚಿಕ್ಕಿ, ಬಾಳೆಹಣ್ಣು ಇರಲಿ. ಮಳೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಆದರೂ ಬೆವರು ಹೋಗುತ್ತಲೇ ಇರುತ್ತದೆ. ಒಂದು ಬಾಟಲಿಗೆ ಓಆರ್‌ಎಸ್ ಹಾಕಿಕೊಳ್ಳಿ.

ಸೈಕಲಿಗೆ ಬರೋಣ. ಟೈರಿನ ಗಾಳಿ ಬೇಸಿಗೆಗಿಂತ ಸುಮಾರು 10 ಪಿಎಸ್‌ಐ ಕಡಿಮೆ ಇರಲಿ, ಹಿಡಿತ ಸಿಗುತ್ತದೆ. 28 ಎಂಎಂ ಟೈರ್ ಹಿಡಿಸುವ ಫ್ರೇಮಾದರೆ ಅದನ್ನೇ ಹಾಕಿ. ಚೈನಿಗೆ ಮಳೆಗಾಲದ ದಪ್ಪ ಲೂಬ್ (ಚೈನಿನ ಎಣ್ಣೆ), ಡ್ರೈ ಲೂಬ್ ಪಡುಬಿದ್ರಿಗೆ ಬರುವ ಮೊದಲೇ ತೊಳೆದು ಹೋಗುತ್ತದೆ. ಮಡ್‌ಗಾರ್ಡ್ ನೋಡಲು ಚಂದ ಇಲ್ಲ ಎನ್ನುವವರು ನಿಮ್ಮ ಹಿಂದೆ ಬರುವವರ ಮುಖ ಒಮ್ಮೆ ನೋಡಿ! ಮುಂದಿನ ಲೈಟು, ಹಿಂದಿನ ಕೆಂಪು ಲೈಟು ಹಗಲಲ್ಲೂ ಉರಿಯಲಿ. ರಿಫ್ಲೆಕ್ಟರ್ ಜಾಕೆಟ್ ಕೋಟಿನ ಒಳಗಲ್ಲ, ಹೊರಗೆ. ಎಕ್ಸ್‌ಪ್ರೆಸ್ ಬಸ್ ಪಕ್ಕದಲ್ಲಿ ಹಾದರೆ ನೀರಿನ ಗೋಡೆಯೇ ಎದ್ದು ಬರುತ್ತದೆ, ಒಂದೆರಡು ಸೆಕೆಂಡ್ ಏನೂ ಕಾಣುವುದಿಲ್ಲ. ಆಗ ಹ್ಯಾಂಡಲ್ ನೇರ ಹಿಡಿಯಿರಿ, ಬ್ರೇಕ್ ಅಮುಕಬೇಡಿ. ಹೆಲ್ಮೆಟ್ ಕೆಳಗೆ ಅಂಚಿರುವ ಟೋಪಿ ಹಾಕಿದರೆ ಕಣ್ಣಿಗೆ ನೀರು ಕಡಿಮೆ.

ಈ ದಾರಿಯಲ್ಲಿ ನಿಜವಾಗಿ ಎಚ್ಚರ ಬೇಕಾದ್ದು ಸೇತುವೆಗಳಲ್ಲಿ. ಕೂಳೂರು, ಮುಲ್ಕಿ, ಉದ್ಯಾವರ, ಕಲ್ಯಾಣಪುರ, ಮಾಬುಕಳ, ಆಮೇಲೆ ಕುಂದಾಪುರ. ಹೊಳೆ ಬಂದಲ್ಲೆಲ್ಲ ತೆಂಗಿನ ತೋಟದ ಮರೆ ತಪ್ಪಿ ಕಡಲ ಕಡೆಯಿಂದ ಅಡ್ಡಗಾಳಿ ಒಮ್ಮೆಲೇ ಹೊಡೆಯುತ್ತದೆ. ಉತ್ತರಕ್ಕೆ ಹೋಗುವಾಗ ಅದು ಎಡದಿಂದ ಬಂದು ನಿಮ್ಮನ್ನು ಲಾರಿಗಳ ಕಡೆಗೇ ತಳ್ಳುತ್ತದೆ. ಸೇತುವೆಗೆ ಮುಂಚೆ ಹಿಂದೆ ನೋಡಿ, ಡ್ರಾಪ್ (ಹ್ಯಾಂಡಲಿನ ಬಾಗಿದ ಕೆಳಭಾಗ) ಹಿಡಿದು ಬಗ್ಗಿ, ಎಡಕ್ಕೆ ಸ್ವಲ್ಪ ಜಾಗ ಇಟ್ಟುಕೊಂಡು ಸಾಗಿ. ಸೇತುವೆಯ ತುಂಡುಗಳು ಸೇರುವಲ್ಲಿ ಅಡ್ಡಲಾಗಿ ಕಬ್ಬಿಣದ ಪಟ್ಟಿ ಇರುತ್ತದೆ. ಒದ್ದೆಯಾದಾಗ ಅದು ಪಾಚಿ ಹಿಡಿದ ಬಾವಿಕಟ್ಟೆಯ ಹಾಗೆ ಜಾರುತ್ತದೆ. ಅದರ ಮೇಲೆ ತುಳಿಯಬೇಡಿ, ತಿರುಗಿಸಬೇಡಿ, ಬ್ರೇಕ್ ಬೇಡವೇ ಬೇಡ. ನೇರ ದಾಟಿ. ರಸ್ತೆಯ ಬಿಳಿ ಗೆರೆಗೂ ಇದೇ ಮಾತು. ನೀರು ನಿಂತ ಹೊಂಡದ ಆಳ ಯಾರಿಗೂ ಗೊತ್ತಿಲ್ಲ, ಅದನ್ನು ಸುತ್ತಿ ಹೋಗಿ. ಇನ್ನು ದನಗಳು. ಮಳೆಗಾಲದಲ್ಲಿ ಅವು ಹೆದ್ದಾರಿಯ ನಡುವೆಯೇ ಮಲಗುತ್ತವೆ, ಲೈಟು ಬಿದ್ದರೂ ಏಳುವುದಿಲ್ಲ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಗಾಳಿಗೆ ಮರೆ ಎಂಬುದೇ ಇಲ್ಲ. ಫೋಟೊ ತೆಗೆಯುವ ಆಸೆ ಇದ್ದರೆ ಸೈಕಲ್ ಗೋಡೆಗೆ ಒರಗಿಸಿ ಹೋಗಬೇಡಿ, ಮಲಗಿಸಿ.

ಮಳೆಯಲ್ಲಿ ಪಂಕ್ಚರ್ ಜಾಸ್ತಿ. ಲಾರಿ ಟೈರಿನಿಂದ ಉದುರಿದ ಸಣ್ಣ ತಂತಿಗಳು, ಗಾಜಿನ ಚೂರು ನೀರಿನೊಂದಿಗೆ ಅಂಚಿಗೆ ಬಂದು ಟೈರಿಗೆ ಅಂಟುತ್ತವೆ. ಒದ್ದೆ ಟ್ಯೂಬಿಗೆ ಪ್ಯಾಚ್ ಹಿಡಿಯುವುದಿಲ್ಲ, ಅದಕ್ಕೆ ಎರಡು ಹೊಸ ಟ್ಯೂಬ್ ಇರಲಿ. ಹಾಕುವ ಮೊದಲು ಟೈರಿನೊಳಗೆ ಬಟ್ಟೆ ಸುತ್ತಿದ ಬೆರಳಿನಿಂದ ಒಂದು ಸುತ್ತು ಸವರಿ. ತಂತಿ ಅಲ್ಲೇ ಉಳಿದರೆ ಎರಡನೆಯ ಟ್ಯೂಬೂ ಹೋಯಿತು.

ಚರ್ಮದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಆದರೆ ಉಡುಪಿ ದಾಟಿದ ಮೇಲೆ ಎಲ್ಲರಿಗೂ ಅದೇ ಯೋಚನೆ. ತೊಡೆ ಸಂದಿ, ಕಂಕುಳು, ಬೆರಳ ನಡುವೆ ಹೊರಡುವಾಗಲೇ ಪೆಟ್ರೋಲಿಯಂ ಜೆಲ್ಲಿ ಧಾರಾಳ ಹಚ್ಚಿ, ಅರ್ಧ ದಾರಿಯಲ್ಲಿ ಮತ್ತೆ ಹಚ್ಚಿ. ಒಣ ಸಾಕ್ಸ್ ಒಂದು ಜೊತೆ ಜಿಪ್ ಕವರಿನಲ್ಲಿ. ಅದನ್ನು ವಾಪಸ್ ತಿರುಗುವಲ್ಲಿ ಬದಲಿಸಿ, ಮೊದಲೇ ಅಲ್ಲ. ಬ್ರೆವೆ ಕಾರ್ಡ್, ದುಡ್ಡು, ಫೋನು ಇನ್ನೊಂದು ಕವರಿನಲ್ಲಿ. ಒದ್ದೆ ಬೆರಳಿಗೆ ಫೋನಿನ ಪರದೆ ಕೇಳುವುದಿಲ್ಲ, ಹಾಗಾಗಿ ಸಂಘಟಕರ ನಂಬರನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಶಾಯಿ ಹರಡುತ್ತದೆ. ಮುಂದೆ ಹೋಗಲಾಗದು ಅನಿಸಿದರೆ ಆ ನಂಬರಿಗೆ ಹೇಳಿಯೇ ಮನೆಗೆ ಹೋಗಿ. ಇಲ್ಲವಾದರೆ ರಾತ್ರಿಯಿಡೀ ನಿಮ್ಮನ್ನು ಹುಡುಕುತ್ತಾರೆ.

ಮುಗಿಸಿ ಬಂದ ಮೇಲೆ ಸ್ನಾನ ಮೊದಲು ಸೈಕಲಿಗೆ. ಕೆಂಪು ಕೆಸರು ಒಣಗಿದರೆ ಬಿಡಿಸುವುದು ಕಷ್ಟ. ಸೀಟ್ ಪೋಸ್ಟ್ ತೆಗೆದು ಫ್ರೇಮ್ ತಲೆಕೆಳಗಾಗಿ ಹಿಡಿಯಿರಿ, ಲೋಟದಷ್ಟು ನೀರು ಬಿದ್ದರೂ ಆಶ್ಚರ್ಯ ಇಲ್ಲ. ಬ್ರೇಕ್ ಪ್ಯಾಡಿನಲ್ಲಿ ಮರಳು ಕೂತಿದ್ದರೆ ಕಿತ್ತು ತೆಗೆಯಿರಿ, ಪ್ಯಾಡೇ ತೆಳುವಾಗಿದ್ದರೆ ಬದಲಿಸಿ. ಮರಳು ನೀರಿನಲ್ಲಿ ಒಂದೇ ರೈಡಿಗೆ ಪ್ಯಾಡ್ ತುಂಬಾ ಸವೆದಿರುತ್ತದೆ.