ಹಳೆಯ ಅಮೆರಿಕನ್ ರೇಡಿಯೊ ನಾಟಕಗಳನ್ನು ನಾನು ಕೇಳುವ ಬಗೆ

ಟೀವಿ ಮನೆಮನೆಗೆ ಬರುವ ಮುಂಚೆ ಅಮೆರಿಕದಲ್ಲಿ ಸಂಜೆ ಎಂದರೆ ರೇಡಿಯೊ. 1930ರ ದಶಕದಿಂದ 1950ರ ದಶಕದವರೆಗೆ ಪತ್ತೇದಾರಿ, ದೆವ್ವ, ಕೌಬಾಯ್, ಸಂಸಾರದ ತಮಾಷೆ ಎಲ್ಲವೂ ಹೆಚ್ಚಾಗಿ ಅರ್ಧ ಗಂಟೆಯ ಕಾರ್ಯಕ್ರಮಗಳಾಗಿ ಬರುತ್ತಿದ್ದವು. ಅವುಗಳಲ್ಲಿ ಸಾವಿರಾರು ಕಂತುಗಳು ಈಗ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಎಂಪಿ3 ಫೈಲುಗಳಾಗಿ ಸಿಗುತ್ತವೆ. ನಾನು ಇವುಗಳ ರುಚಿಗೆ ಬಿದ್ದು ವರ್ಷಗಳೇ ಆದವು. ಇಷ್ಟು ಕೇಳಿದ ಮೇಲೆ ನನಗೆ ಖಚಿತವಾದ ಮಾತೊಂದಿದೆ. ಗಂಭೀರ ನಾಟಕವನ್ನು ಎಲ್ಲಿಂದ ಬೇಕಾದರೂ ಎತ್ತಿಕೊಂಡು ಕೇಳಬಹುದು. ಹಾಸ್ಯಕ್ಕೆ ಮಾತ್ರ ಒಡನಾಟ ಬೇಕು.

ಹೊಸಬರು ಸಾಮಾನ್ಯವಾಗಿ ಮೊದಲು ಹುಡುಕುವುದು 'ವಾರ್ ಆಫ್ ದಿ ವರ್ಲ್ಡ್ಸ್'. ಮಂಗಳ ಗ್ರಹದವರ ದಾಳಿಯನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ಆರ್ಸನ್ ವೆಲ್ಸ್ ತಂಡ 1938ರ ಅಕ್ಟೋಬರ್ 30ರಂದು ಆಡಿದ ನಾಟಕ ಅದು. ಕೇಳಲೇಬೇಕಾದದ್ದು, ಸಂಶಯವಿಲ್ಲ. ಆದರೂ ಶುರುವಿಗೇ ಅದು ಬೇಡ ಎನ್ನುತ್ತೇನೆ. ಜನ ಹೆದರಿ ಬೀದಿಗೆ ಓಡಿದರು ಎಂಬ ಪತ್ರಿಕಾ ವರದಿಗಳನ್ನು ನಾವು ಎಲ್ಲೋ ಓದಿರುತ್ತೇವೆ. ಆ ವರದಿಗಳಲ್ಲಿ ಉತ್ಪ್ರೇಕ್ಷೆಯೇ ಜಾಸ್ತಿ ಎಂದು ಇತ್ತೀಚಿನ ಸಂಶೋಧಕರು ಹೇಳುತ್ತಾರೆ. ಅದೆಲ್ಲ ತಲೆಯಲ್ಲಿದ್ದರೆ ನಾಟಕ ಕಿವಿಗೆ ಬೀಳುವುದಿಲ್ಲ.

ನಾನು ಯಾರಿಗಾದರೂ ಮೊದಲು ಕೇಳಿಸುವುದು ಸಿಬಿಎಸ್ ರೇಡಿಯೊ ನೆಟ್‌ವರ್ಕಿನ 'ಸಸ್ಪೆನ್ಸ್' ಸರಣಿಯ 'ಸಾರಿ, ರಾಂಗ್ ನಂಬರ್'. ಬರೆದವರು ಲೂಸಿಲ್ ಫ್ಲೆಚರ್. ಮೊದಲ ಪ್ರಸಾರ 1943ರ ಮೇ 25. ಕಾಯಿಲೆಯ ಹೆಂಗಸೊಬ್ಬಳು ರಾತ್ರಿ ಮನೆಯಲ್ಲಿ ಒಬ್ಬಳೇ ಹಾಸಿಗೆಯಲ್ಲಿದ್ದಾಳೆ. ಗಂಡನ ಆಫೀಸಿಗೆ ಫೋನ್ ಮಾಡುತ್ತಾಳೆ, ಬರೀ ಎಂಗೇಜ್. ಆಪರೇಟರಿಗೆ ಹೇಳಿ ಮತ್ತೆ ಮಾಡಿಸಿದರೆ ಕ್ರಾಸ್ ಕನೆಕ್ಷನ್. ಇಬ್ಬರು ಗಂಡಸರು ಅದೇ ರಾತ್ರಿ ಒಬ್ಬ ಹೆಂಗಸನ್ನು ಕೊಲ್ಲುವ ಮಾತಾಡುತ್ತಿದ್ದಾರೆ. ಸೇತುವೆ ಮೇಲೆ ರೈಲು ಹೋಗುವ ಹೊತ್ತಿಗೆ ಕೊಲ್ಲಬೇಕು, ಆಗ ಅವಳು ಕಿರುಚಿದರೂ ಕೇಳಿಸುವುದಿಲ್ಲ ಎನ್ನುವುದು ಅವರ ಲೆಕ್ಕ. ಅಲ್ಲಿಂದ ಮುಂದೆ ಇರುವುದೆಲ್ಲ ಫೋನೇ. ಡಯಲ್ ತಿರುಗಿ ವಾಪಸ್ ಬರುವ ಕರಕರ, ರಿಂಗು, ಮತ್ತೆ ಎಂಗೇಜ್ ಸದ್ದು. ಆ ಪಾತ್ರ ಮಾಡಿದ ಆಗ್ನೆಸ್ ಮೂರ್‌ಹೆಡ್ ಅವರ ದನಿಯನ್ನು ಗಮನಿಸಿ. ಮೊದಮೊದಲು ಎಷ್ಟು ಸಿಡುಕಿ ಈ ಹೆಂಗಸು, ಆಪರೇಟರ್‌ಗಳ ಮೇಲೆಲ್ಲ ಹರಿಹಾಯುತ್ತಾಳೆ ಅನ್ನಿಸುತ್ತದೆ. ಯಾರೂ ನಂಬದೆ ಹೋದಂತೆ ಅದೇ ಸಿಡುಕು ಭಯವಾಗುತ್ತದೆ. ಯಾವ ಮಾತಿನಲ್ಲಿ ಬದಲಾಯಿತು ಎಂದು ಹಿಡಿಯಲು ನಾನು ಹಿಂದಕ್ಕೆ ಹೋಗಿ ಕೇಳಿದ್ದೇನೆ. ಒಂದು ಜಾಗ ಅಂತ ಸಿಗುವುದೇ ಇಲ್ಲ, ಉದ್ದಕ್ಕೂ ಬದಲಾಗುತ್ತಾ ಹೋಗುತ್ತದೆ. ಇದನ್ನು ಅವರೇ 1960ರವರೆಗೆ ಹಲವು ಸಲ ಮತ್ತೆ ಆಡಿದ್ದಾರೆ. ಎರಡು ಬೇರೆ ವರ್ಷದವುಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ, ಅದೇ ಒಂದು ಪಾಠ.

ಇಂಥ ನಾಟಕಕ್ಕೆ ನಾನು ಇಯರ್‌ಫೋನ್ ಬಳಸುವುದಿಲ್ಲ. ಇವೆಲ್ಲ ಮೋನೊ ರೆಕಾರ್ಡಿಂಗ್, ಎರಡೂ ಕಿವಿಗೆ ಒಂದೇ ಸದ್ದು. ಇಯರ್‌ಫೋನಿನಲ್ಲಿ ದನಿ ತಲೆಯ ನಡುವೆ ಬಂದು ಕೂರುತ್ತದೆ, ಹಿನ್ನೆಲೆಯ ಸರಪರ ಸದ್ದೂ ಎದ್ದು ಕೇಳುತ್ತದೆ. ಸಣ್ಣದೊಂದು ಸ್ಪೀಕರನ್ನು ಕೋಣೆಯ ಇನ್ನೊಂದು ತುದಿಯಲ್ಲಿಟ್ಟರೆ ದನಿಗೆ ಜಾಗ ಸಿಗುತ್ತದೆ. ದೀಪ ಆರಿಸುತ್ತೇನೆ, ಮೊಬೈಲು ಪಕ್ಕದ ಕೋಣೆಯಲ್ಲಿರುತ್ತದೆ. ಅಡುಗೆ ಮಾಡುತ್ತಾ, ಬಟ್ಟೆ ಮಡಿಸುತ್ತಾ ಹಾಸ್ಯ ಕೇಳಬಹುದು. 'ಗನ್‌ಸ್ಮೋಕ್' ಎಂಬ ಕೌಬಾಯ್ ಸರಣಿಯನ್ನು ಹಾಗೆ ಕೇಳಬಾರದು.

'ಗನ್‌ಸ್ಮೋಕ್' ಎಂದರೆ ಟೀವಿಯದ್ದು ನೆನಪಾಗುವುದು ಸಹಜ. ಅದಕ್ಕೂ ಮುಂಚೆ, 1952ರಲ್ಲಿ, ಅದು ರೇಡಿಯೊದಲ್ಲಿ ಶುರುವಾಯಿತು. 1961ರವರೆಗೆ ನಡೆಯಿತು. ಮಾರ್ಷಲ್ ಮ್ಯಾಟ್ ಡಿಲನ್ ಆಗಿ ವಿಲಿಯಂ ಕಾನ್ರಡ್, ನಿರ್ಮಾಪಕ ನಾರ್ಮನ್ ಮ್ಯಾಕ್‌ಡೊನೆಲ್. ಇವರು ಸದ್ದನ್ನು ಅವಸರವಿಲ್ಲದೆ ನಡೆಯಲು ಬಿಟ್ಟರು. ಒಬ್ಬ ಮನುಷ್ಯ ಕೋಣೆ ದಾಟಿದರೆ ಅಷ್ಟೂ ಹೆಜ್ಜೆ ಕೇಳಿಸುತ್ತದೆ, ಹಲಗೆ ಕಿರುಗುಟ್ಟುತ್ತದೆ, ಬೂಟಿನ ಮುಳ್ಳುಗಾಲಿ ಕಿಣಿಕಿಣಿ ಎನ್ನುತ್ತದೆ. ಒಳಗೆ ಮಾತು ನಡೆದಿರುವಾಗ ಹೊರಗೆ ಎಲ್ಲೋ ದೂರದಲ್ಲಿ ನಾಯಿ ಬೊಗಳುತ್ತದೆ. ಯಾರೂ ಮಾತಾಡದ ಹೊತ್ತೂ ಬಹಳ. ಕಣ್ಣಿಗೆ ಬೇರೆ ಕೆಲಸ ಕೊಟ್ಟರೆ ಈ ಮೌನಗಳೆಲ್ಲ ಸುಮ್ನೆ ಪೋಲಾಗುತ್ತವೆ.

ಫೈಲುಗಳ ಬಗ್ಗೆ ಸ್ವಲ್ಪ ಹೇಳಬೇಕು. 1940ರ ದಶಕದ ಕೊನೆಯ ಹೊತ್ತಿನವರೆಗೆ ದೊಡ್ಡ ನೆಟ್‌ವರ್ಕುಗಳು ರೆಕಾರ್ಡ್ ಮಾಡಿದ್ದನ್ನು ಪ್ರಸಾರ ಮಾಡುತ್ತಿದ್ದುದು ಕಡಿಮೆ, ಹೆಚ್ಚಿನದೆಲ್ಲ ಲೈವ್. ಪೂರ್ವ ಕರಾವಳಿಗೂ ಪಶ್ಚಿಮಕ್ಕೂ ಮೂರು ಗಂಟೆ ವ್ಯತ್ಯಾಸ ಇರುವುದರಿಂದ ಎಷ್ಟೋ ತಂಡಗಳು ಒಂದೇ ನಾಟಕವನ್ನು ಒಂದೇ ರಾತ್ರಿ ಎರಡು ಸಲ ಆಡುತ್ತಿದ್ದವು. ಆ ದಿನಗಳದ್ದು ನಮಗೆ ಉಳಿದಿರುವುದು ಹೆಚ್ಚಾಗಿ ದಾಖಲೆಗೆಂದು ಕೊರೆದಿಟ್ಟ 16 ಇಂಚಿನ ಡಿಸ್ಕುಗಳಿಂದ. ಒಂದು ಬದಿಗೆ ಸುಮಾರು 15 ನಿಮಿಷ. ಹಾಗಾಗಿ ಅರ್ಧ ಗಂಟೆಯ ನಾಟಕದ ನಟ್ಟನಡುವೆ ದನಿ ಇದ್ದಕ್ಕಿದ್ದಂತೆ ಮಂದವಾದರೆ ಗಾಬರಿ ಬೇಡ, ಡಿಸ್ಕು ಬದಲಾಗಿದೆ ಅಷ್ಟೇ. ಕೆಲವು ಫೈಲುಗಳಲ್ಲಿ ದನಿ ತೆಳ್ಳಗೆ ಕೀಚಲಾಗಿರುತ್ತದೆ. ಅದು ಪ್ರತಿ ಮಾಡುವಾಗ ವೇಗ ಹೆಚ್ಚಾದದ್ದು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಪರಿಚಿತ ನಟನ ದನಿಯನ್ನೇ ಅಳತೆಗೆ ಇಟ್ಟುಕೊಂಡರೆ ಸುಲಭ. ಜಾಹೀರಾತೇ ಇಲ್ಲದೆ ನಡುವೆ ಬರೀ ಸಂಗೀತ ಬಂದರೆ ಅದು ಸೈನಿಕರಿಗಾಗಿ ಆರ್ಮ್ಡ್ ಫೋರ್ಸಸ್ ರೇಡಿಯೊದವರು ಜಾಹೀರಾತು ತೆಗೆದು ಮಾಡಿಸಿದ ಪ್ರತಿ ಇರಬಹುದು. ನನಗೆ ಜಾಹೀರಾತು ಇರುವುದೇ ಇಷ್ಟ. ಎರಡನೇ ಮಹಾಯುದ್ಧದ ದಿನಗಳ ಕಂತುಗಳಲ್ಲಿ ಅವು ಯುದ್ಧದ ಖರ್ಚಿಗೆ ಬಾಂಡ್ ಕೊಳ್ಳಿ, ಸ್ಫೋಟಕಗಳ ತಯಾರಿಕೆಗೆ ಅಡುಗೆಯ ಕೊಬ್ಬು ಕೂಡಿಡಿ ಎನ್ನುತ್ತವೆ. ಕೇಳುಗರ ಮನೆಯೊಳಗೆ ಆಗ ಏನು ನಡೆದಿತ್ತು ಎನ್ನುವುದು ಅಲ್ಲಿ ತಿಳಿಯುತ್ತದೆ.

ಸಂಗ್ರಾಹಕರು ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 48-03-28 ಎಂದು ಬರೆಯುತ್ತಾರೆ. ಅದನ್ನು ಬದಲಾಯಿಸಬೇಡಿ. ಫೋಲ್ಡರಿನಲ್ಲಿ ಎಲ್ಲವೂ ತಾನಾಗಿ ಪ್ರಸಾರವಾದ ಕ್ರಮಕ್ಕೆ ಬರುತ್ತವೆ. ಹಾಸ್ಯ ಸರಣಿಗಳಿಗೆ ಈ ಕ್ರಮವೇ ಪ್ರಾಣ.

ಜ್ಯಾಕ್ ಬೆನ್ನಿ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. 1932ರಿಂದ 1955ರವರೆಗೆ ರೇಡಿಯೊದಲ್ಲಿ ನಡೆಯಿತು. ಅದರಲ್ಲಿ ಬೆನ್ನಿ ಮಹಾ ಜಿಪುಣ, ಪಿಟೀಲು ಕೆಟ್ಟದಾಗಿ ಬಾರಿಸುತ್ತಾನೆ, ವಯಸ್ಸು ಕೇಳಿದರೆ ಎಂದಿಗೂ 39. 1948ರ ಮಾರ್ಚ್ 28ರ ಕಂತಿನಲ್ಲಿ ಕಳ್ಳನೊಬ್ಬ ಅಡ್ಡಗಟ್ಟಿ 'ದುಡ್ಡೋ ಪ್ರಾಣವೋ' ಎನ್ನುತ್ತಾನೆ. ಬೆನ್ನಿ ಸುಮ್ಮನಿರುತ್ತಾನೆ. ಅಷ್ಟಕ್ಕೇ ಸಭಿಕರು ನಗಲು ಶುರು ಮಾಡುತ್ತಾರೆ. ಕಳ್ಳ ಮತ್ತೆ ಗದರುತ್ತಾನೆ. ಆಗ ಬೆನ್ನಿ, 'ಯೋಚನೆ ಮಾಡ್ತಾ ಇದ್ದೀನಿ!' ಈ ತುಣುಕನ್ನು ಮಾತ್ರ ಕತ್ತರಿಸಿ ಕೇಳಿಸಿದರೆ ಹೊಸಬರು ಮುಗುಳ್ನಗುತ್ತಾರೆ, ಅಷ್ಟೇ. ವಾರ ವಾರ ಆ ಜಿಪುಣತನವನ್ನು ಕೇಳಿಕೊಂಡು ಬಂದವರಿಗೆ ಆ ಮೌನವೇ ಸಾಕು. ಒಬ್ಬ ಮನುಷ್ಯ ಬಾಯಿ ಬಿಡದೆ ರೇಡಿಯೊದಲ್ಲಿ ನಗಿಸುತ್ತಾನೆ! ಕಾರಣ, ಆ ಮೌನದಲ್ಲಿ ಏನು ನಡೆದಿದೆ ಎಂದು ಕೇಳುಗರಿಗೆ ಮೊದಲೇ ಗೊತ್ತು. ಅವನ ಗುಣ ಅವರಿಗೆ ಅಷ್ಟು ಪರಿಚಯ.

ಅದಕ್ಕೇ ನಾನು ಬೆನ್ನಿಯನ್ನು ಒಂದು ಸೀಸನ್ನಿನ ಮೊದಲಿನಿಂದ ಹಿಡಿದು ದಿನಕ್ಕೆ ಒಂದೇ ಕಂತಿನಂತೆ ಕೇಳಿದೆ. ಒಟ್ಟಿಗೆ ನಾಲ್ಕಾರು ಕೇಳಿದರೆ ಅದೇ ಜೋಕು ಮತ್ತೆ ಬಂತಲ್ಲ ಎಂದು ಬೇಜಾರಾಗುತ್ತದೆ. ನಡುವೆ ಬಿಡುವಿದ್ದರೆ ಅದೇ ಜೋಕು ಬರಲಿ ಎಂದು ಕಾಯುತ್ತೇವೆ. ಅವನ ಹಳೆಯ ಮ್ಯಾಕ್ಸ್‌ವೆಲ್ ಕಾರು ಕೆಮ್ಮಿ, ಉಗ್ಗಿ, ನಡುಗಿ ಸ್ಟಾರ್ಟ್ ಆಗುವ ಸದ್ದನ್ನು ಮೆಲ್ ಬ್ಲ್ಯಾಂಕ್ ಬರೀ ಬಾಯಲ್ಲೇ ಮಾಡುತ್ತಿದ್ದರು. ಬೆನ್ನಿ ಕಾರಿನ ಮಾತೆತ್ತಿದರೆ ಸಾಕು, ನನ್ನ ಮುಖದಲ್ಲಿ ನಗು ಬಂದಿರುತ್ತದೆ. ಇನ್ನೊಬ್ಬ ರೇಡಿಯೊ ಹಾಸ್ಯಗಾರ ಫ್ರೆಡ್ ಆ್ಯಲನ್ ಜೊತೆಗಿನ ಹುಸಿ ಜಗಳ 1936ರ ಕೊನೆಗೆ ಹತ್ತಿಕೊಂಡಿತು. ಅವರ ಕಾರ್ಯಕ್ರಮದಲ್ಲಿ ಅವರು, ಇವರದರಲ್ಲಿ ಇವರು ಕಾಲೆಳೆಯುತ್ತಾರೆ. ಎರಡೂ ಸರಣಿಗಳನ್ನು ತಾರೀಖಿನ ಪ್ರಕಾರ ಬೆರೆಸಿ ಕೇಳಿದಾಗ ಸಿಕ್ಕ ಖುಷಿಯೇ ಬೇರೆ.

ಅಂದಿನ ಸಿನಿಮಾ ನಟರು, ರಾಜಕಾರಣಿಗಳ ಹೆಸರಿನ ಮೇಲೆ ಬರುವ ಜೋಕುಗಳು ತಲೆ ಮೇಲೆ ಹಾರಿ ಹೋಗುತ್ತವೆ. ಹೋಗಲಿ ಬಿಡಿ. ಪ್ರತಿಯೊಂದಕ್ಕೂ ನಿಲ್ಲಿಸಿ ಹುಡುಕಿದರೆ ಓಟ ಕೆಡುತ್ತದೆ. ಮಾತಿನ ವೇಗಕ್ಕೆ ಕಿವಿ ಹೊಂದಿಕೊಳ್ಳಬೇಕೆಂದರೆ 'ಯುವರ್ಸ್ ಟ್ರೂಲಿ, ಜಾನಿ ಡಾಲರ್' ಒಳ್ಳೆಯದು. ವಿಮಾ ಕಂಪನಿಗಳಿಗೆ ತನಿಖೆ ಮಾಡಿಕೊಡುವ ಡಾಲರ್ ತನ್ನ ಖರ್ಚಿನ ಪಟ್ಟಿ ಓದುತ್ತಾ ಓದುತ್ತಾ ಕಥೆ ಹೇಳುತ್ತಾನೆ. ಬಾಬ್ ಬೈಲಿ 1955ರಲ್ಲಿ ಈ ಪಾತ್ರಕ್ಕೆ ಬಂದ ಮೇಲೆ ಒಂದು ವರ್ಷದಷ್ಟು ಕಾಲ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 15 ನಿಮಿಷ, ವಾರಕ್ಕೊಂದು ಪ್ರಕರಣ ಎಂದು ನಡೆಯಿತು. ಅವನ್ನು ನಾನು ಸೋಮವಾರವೇ ಶುರು ಮಾಡಿ ಶುಕ್ರವಾರ ಮುಗಿಸುತ್ತೇನೆ. ಗುರುವಾರದ ಕಂತು ಮುಗಿದ ಮೇಲೆ ಮುಂದಿನದನ್ನು ಒತ್ತದೆ ತಡೆದುಕೊಳ್ಳುವುದು ಕಷ್ಟ. ಆ ಕಷ್ಟದಲ್ಲೇ ರುಚಿ ಇದೆ.

ಕಿವಿಗೆ ಚುಚ್ಚುವ ಸಂಗತಿಗಳೂ ಇವೆ. 1928ರಲ್ಲಿ ಶುರುವಾದ 'ಏಮಸ್ ಎನ್ ಆ್ಯಂಡಿ'ಯಲ್ಲಿ ಇಬ್ಬರು ಬಿಳಿಯರು ಕಪ್ಪು ಜನರ ಪಾತ್ರ ಮಾಡಿ ಹೆಸರು, ಹಣ ಎರಡೂ ಗಳಿಸಿದರು. ಅದನ್ನು ಮನರಂಜನೆಗೆಂದು ಕೇಳಲು ನನಗೆ ಮನಸ್ಸು ಬರುವುದಿಲ್ಲ. ಬೆನ್ನಿಯ ಮನೆಯಾಳು ರಾಚೆಸ್ಟರ್ ಪಾತ್ರಕ್ಕೆ ಎಡ್ಡಿ ಆ್ಯಂಡರ್ಸನ್ ಎಂಬ ಕಪ್ಪು ನಟನೇ ಇದ್ದರು. ಆ ಗರಗರ ದನಿಯ ಅದ್ಭುತ ನಟನಿಗೆ ಮೊದಲ ವರ್ಷಗಳಲ್ಲಿ ಜೂಜು, ಕುಡಿತದ ಸವಕಲು ಜೋಕುಗಳನ್ನೇ ಕೊಟ್ಟಿದ್ದಾರೆ. ಎರಡನೇ ಮಹಾಯುದ್ಧದ ನಂತರ ಬರಹಗಾರರು ಅವನ್ನು ಬಿಡುತ್ತಾ ಬಂದರು. ಹೊಸಬರಿಗೆ 1946ರ ನಂತರದ ಬೆನ್ನಿಯನ್ನೇ ನಾನು ಹೇಳುವುದು. ಅವು ಹಾಸ್ಯವಾಗಿಯೂ ಹೆಚ್ಚು ಗಟ್ಟಿ.

ಈಗ ಕೇಳುತ್ತಿರುವುದು 'ಫಿಬ್ಬರ್ ಮೆಗೀ ಆ್ಯಂಡ್ ಮಾಲಿ'. ನಿಜ ಜೀವನದಲ್ಲೂ ಗಂಡ ಹೆಂಡತಿಯಾಗಿದ್ದ ಜಿಮ್ ಮತ್ತು ಮೇರಿಯನ್ ಜೋರ್ಡನ್ ನಡೆಸಿದ್ದು. ನಡುಮನೆಯ ಕಪಾಟಿನ ಬಾಗಿಲು ತೆರೆದರೆ ಒಳಗೆ ತುರುಕಿದ್ದೆಲ್ಲ ಧಡಬಡ ಎಂದು ಉರುಳಿ, ಕೊನೆಗೆ ಒಂದು ಪುಟ್ಟ ಗಂಟೆ ಕಿಣಿ ಎನ್ನುವುದು ಇದರ ಹೆಸರಾಂತ ಜೋಕು. ಫಿಬ್ಬರ್ ಕಪಾಟಿನತ್ತ ಹೊರಟ ಎಂದು ಗೊತ್ತಾದಾಗಲೇ ಮಾಲಿ ಬೇಡ ಬೇಡ ಎನ್ನುತ್ತಾಳೆ, ಸಭಿಕರು ನಗುತ್ತಾರೆ, ಈಗ ನಾನೂ ಅವರ ಜೊತೆಗೇ ನಗುತ್ತೇನೆ. ಇದರಲ್ಲೂ ನಡುನಡುವೆ ಕಂತುಗಳು ಕಳೆದುಹೋಗಿವೆ. ಅಂಥ ಕಡೆ ನಾನು ಮುಂದಿನ ತಾರೀಖಿಗೆ ಹೋಗಿಬಿಡುತ್ತೇನೆ. ಆ ಮನೆಯವರ ಪರಿಚಯ ಆಗಿರುವುದರಿಂದ ಒಂದೆರಡು ವಾರ ತಪ್ಪಿದರೂ ಕಥೆ ಕೈಗೆ ಸಿಗುತ್ತದೆ.