ರೆಪ್ಪೆ ನೋಡಿ ಎದೆ ತೆರೆದ ಕಥೆ

ಅವರು ಹೂ ಕಟ್ಟುವವರು, ವಯಸ್ಸು ನಲವತ್ತು ದಾಟಿತ್ತು. ಕೆಮ್ಮು ಅಂತ ಎಲ್ಲೋ ತೆಗೆಸಿದ ಎಕ್ಸ್‌ರೇಯಲ್ಲಿ ಹೃದಯದ ಪಕ್ಕ ನೆರಳು ಕಂಡಿತ್ತು. ಆಮೇಲೆ ಮಾಡಿಸಿದ ಸಿಟಿ ಸ್ಕ್ಯಾನ್‌ನಲ್ಲಿ ಎದೆಮೂಳೆಯ ಹಿಂದೆ ಆರು ಸೆಂಟಿಮೀಟರ್ ಗಡ್ಡೆ. ಟಿಬಿ ಇರಬಹುದು, ಸೂಜಿ ಹಾಕಿ ಸ್ವಲ್ಪ ತೆಗೆದು ನೋಡೋಣ ಅಂತ ಅಲ್ಲಿ ಹೇಳಿದ್ದರಂತೆ. ಗಂಡ ಹೆಂಡತಿ ಇಬ್ಬರೂ ಹೆದರಿಕೊಂಡು ನನ್ನ ಹತ್ತಿರ ಬಂದರು.

ಸ್ಕ್ಯಾನ್ ಕವರ್ ಬಿಚ್ಚುವ ಮೊದಲು ಏನು ತೊಂದರೆ ಅಮ್ಮ ಅಂತ ಕೇಳಿದೆ.

"ಎದೇಲಿ ಏನೂ ಇಲ್ಲ ಡಾಕ್ಟ್ರೇ. ಸಂಜೆ ಆಯ್ತು ಅಂದ್ರೆ ನೂಲು ಎರಡೆರಡು ಕಾಣುತ್ತೆ. ಎರಡು ಸಲ ಕನ್ನಡಕ ಬದಲಾಯಿಸಿದ್ರೂ ಹಂಗೇ ಇದೆ."

ನಿದ್ದೆ ಕಮ್ಮಿ, ಅದಕ್ಕೇ ಕಣ್ಣು ಮುಚ್ಚಿಕೊಂಡು ಹೋಗುತ್ತೆ ಅಂತ ಗಂಡ ಸೇರಿಸಿದರು. ಆಗ ಬೆಳಗ್ಗೆ ಹತ್ತು ಗಂಟೆ, ಕಣ್ಣು ಸರಿಯಾಗೇ ಇತ್ತು. ರೆಪ್ಪೆ ಮಿಟುಕಿಸದೆ ಮೇಲೆ ಫ್ಯಾನ್ ನೋಡ್ತಾ ಇರಿ ಅಂದೆ. ಒಂದು ನಿಮಿಷ ಆಗುವಷ್ಟರಲ್ಲಿ ಎಡಗಣ್ಣಿನ ರೆಪ್ಪೆ ನಿಧಾನವಾಗಿ ಇಳಿದು ಅರ್ಧ ಮುಚ್ಚಿತು. ಗ್ಲೌಸ್‌ನಲ್ಲಿ ಐಸ್ ತುಂಬಿಸಿ ಎರಡು ನಿಮಿಷ ಆ ಕಣ್ಣಿನ ಮೇಲೆ ಇಟ್ಟೆವು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು.

ಇದು ಮಯಸ್ತೇನಿಯಾ ಗ್ರೇವಿಸ್. ನರದ ಸಂದೇಶವನ್ನು ಹಿಡಿದುಕೊಳ್ಳಬೇಕಾದ ಸ್ನಾಯುವಿನ ಜಾಗಗಳನ್ನು ದೇಹದ ಪ್ರತಿಕಾಯಗಳೇ ಹಾಳು ಮಾಡುತ್ತವೆ. ಕೆಲಸ ಮಾಡಿದಷ್ಟೂ ಸ್ನಾಯು ಸೋಲುತ್ತದೆ, ತಂಪು ತಗುಲಿದರೆ ಸ್ವಲ್ಪ ಹೊತ್ತು ಚೇತರಿಸಿಕೊಳ್ಳುತ್ತದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಮಕ್ಕಳಲ್ಲಿ ದೊಡ್ಡದಾಗಿದ್ದು, ದೊಡ್ಡವರಾದ ಹಾಗೆ ಕೊಬ್ಬಾಗಿ ಕರಗಿಹೋಗುತ್ತದೆ. ಅದರಲ್ಲಿ ಹುಟ್ಟುವ ಗಡ್ಡೆಯೇ ಥೈಮೋಮಾ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವಂಥದ್ದು. ಥೈಮೋಮಾ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಯಸ್ತೇನಿಯಾ ಜೊತೆಗೇ ಇರುತ್ತದೆ. ಅಂದರೆ ಎದೆಯ ಗಡ್ಡೆಯ ಹೆಸರನ್ನು ಆ ರೆಪ್ಪೆಯೇ ಹೇಳಿಬಿಟ್ಟಿತ್ತು.

ಹಾಗಂತ ಅಷ್ಟಕ್ಕೇ ನಿಲ್ಲಿಸುವಂತಿಲ್ಲ. ಅದೇ ಜಾಗದಲ್ಲಿ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್ ಕೂಡ ಬರುತ್ತದೆ. ಅದಕ್ಕೆ ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ, ಬೇಕೇ ಬೇಕು, ಕತ್ತರಿಸಿ ತೆಗೆಯುವ ಕಾಯಿಲೆ ಅಲ್ಲ ಅದು, ಬಯಾಪ್ಸಿಗೆ ಮುಂಚೆ ಸುಮ್ನೆ ಸ್ಟೆರಾಯ್ಡ್ ಕೊಟ್ಟುಬಿಟ್ಟರೆ ಗಡ್ಡೆ ಕುಗ್ಗಿ ಆಮೇಲೆ ಏನೂ ಗೊತ್ತಾಗದ ಹಾಗೆ ಆಗುತ್ತದೆ. ಹುಡುಗರಾದರೆ ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ಅನ್ನುವ ಗಡ್ಡೆಯ ಗುರುತುಗಳನ್ನು ನೋಡಲೇಬೇಕು, ವೀರ್ಯಾಣು ಅಂಡಾಣುಗಳ ಮೂಲ ಕೋಶದಿಂದ ಹುಟ್ಟುವ ಜರ್ಮ್ ಸೆಲ್ ಗಡ್ಡೆ ಇದ್ದರೆ ಮೊದಲು ಕೀಮೋ. ಈ ಅಮ್ಮನಿಗೆ ಜ್ವರ ಇಲ್ಲ, ತೂಕ ಇಳಿದಿಲ್ಲ, ಬೇರೆಲ್ಲೂ ಗಂಟಿಲ್ಲ. ಮಯಸ್ತೇನಿಯಾ ಗುರುತಿಸುವ ಅಸಿಟೈಲ್‌ಕೊಲೀನ್ ರಿಸೆಪ್ಟರ್ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಬಂತು. ಸೂಜಿ ಬೇಡ ಅಂತ ನಿರ್ಧರಿಸಿದೆವು. ಪೂರ್ತಿ ತೆಗೆಯಲು ಬರುವ ಥೈಮೋಮಾಕ್ಕೆ ಸೂಜಿ ಚುಚ್ಚಿದರೆ ಕವಚ ಒಡೆದು ಜೀವಕೋಶಗಳು ಎದೆಯೊಳಗೆ ಚೆಲ್ಲುವ ಭಯ ಇರುತ್ತದೆ. ಸಿಗುವ ಲಾಭ ಅದಕ್ಕಿಂತ ಕಮ್ಮಿ.

ಮರುದಿನವೇ ಆಪರೇಷನ್ ಮಾಡಿ ಅಂತ ಮನೆಯವರು ಕೇಳಿದರು. ಆಗಲ್ಲ ಅಂದೆ. ಹತೋಟಿಗೆ ಬಾರದ ಮಯಸ್ತೇನಿಯಾ ಇಟ್ಟುಕೊಂಡು ಎದೆ ತೆರೆದರೆ ಆಮೇಲೆ ಉಸಿರಾಟದ ಸ್ನಾಯು ಕೈಕೊಡುತ್ತದೆ. ನರರೋಗ ತಜ್ಞರು ನರದ ಸಂದೇಶಕ್ಕೆ ಬಲ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಶುರು ಮಾಡಿದರು. ಆ ಪ್ರತಿಕಾಯಗಳಿರುವ ಪ್ಲಾಸ್ಮಾವನ್ನು, ಅಂದರೆ ರಕ್ತದ ನೀರಿನ ಭಾಗವನ್ನು, ದಿನ ಬಿಟ್ಟು ದಿನ ಐದು ಸಲ ಬದಲಿಸಿದೆವು. ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್ ಐವಿಐಜಿಯೂ ಕೊಡಬಹುದಿತ್ತು, ಆದರೆ ಅದು ಇವರ ಕೈಗೆ ಎಟುಕುವಂತಿರಲಿಲ್ಲ. ವಾರ್ಡಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದೆ: ಅಮಿಕಾಸಿನ್, ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಮೆಗ್ನೀಸಿಯಂ ಬೇಡ. ಎಲ್ಲ ವಾರ್ಡಿನಲ್ಲೂ ದಿನಾ ಬಳಸುವ ಔಷಧಿಗಳೇ, ಆದರೆ ಇಂಥವರ ಸ್ನಾಯುವನ್ನು ಇನ್ನಷ್ಟು ಸೋಲಿಸುತ್ತವೆ.

ದಿನಾ ಬೆಳಗ್ಗೆ ಒಂದು ಕೆಲಸ ಮಾಡಿಸುತ್ತಿದ್ದೆ. ಒಂದೇ ಉಸಿರಿನಲ್ಲಿ ಎಣಿಸಿ ಅಮ್ಮ ಅಂತ. ಆರೋಗ್ಯವಂತರು ನಲವತ್ತು ಐವತ್ತರವರೆಗೆ ಹೋಗುತ್ತಾರೆ. ಇಪ್ಪತ್ತರ ಕೆಳಗೆ ಬಂದರೆ ಎಚ್ಚರ. ಉಸಿರಿನ ಶಕ್ತಿ ತಿಳಿಸುವ ಖರ್ಚಿಲ್ಲದ ಪರೀಕ್ಷೆ, ಎಲ್ಲ ವೈದ್ಯರೂ ಮಾಡಿಸಬೇಕು. ಅವರು ಮೊದಲ ದಿನ 21, ಐದನೇ ಪ್ಲಾಸ್ಮಾ ಆದ ಮೇಲೆ 34.

ಚಿಕ್ಕ ತೂತುಗಳಿಂದ ಕ್ಯಾಮೆರಾ ಹಾಕಿ ತೆಗೆಯುವುದು ನನಗೂ ಇಷ್ಟ. ಆದರೆ ಈ ಗಡ್ಡೆ ಹೃದಯದ ಹೊದಿಕೆಗೆ ಅಂಟಿದಂತೆ ಸ್ಕ್ಯಾನ್‌ನಲ್ಲಿ ಕಾಣುತ್ತಿತ್ತು, ಹಾಗಾಗಿ ಎದೆಮೂಳೆ ಸೀಳಿಯೇ ಹೋದೆ. ಅರವಳಿಕೆ ವೈದ್ಯರು ಸ್ನಾಯು ಸಡಿಲಿಸುವ ಔಷಧಿಯನ್ನು ಅಳತೆ ನೋಡಿ ನೋಡಿ ಕೊಟ್ಟರು. ಗಡ್ಡೆಯನ್ನು ನಾನು ನೇರವಾಗಿ ಹಿಡಿಯುವುದಿಲ್ಲ, ಸುತ್ತಲಿನ ಕೊಬ್ಬನ್ನು ಹಿಡಿದು ಎತ್ತುತ್ತೇನೆ. ಥೈಮಸ್‌ನಿಂದ ಎರಡು ಮೂರು ಸಣ್ಣ ರಕ್ತನಾಳಗಳು ಇನ್ನಾಮಿನೇಟ್ ಅನ್ನುವ ದೊಡ್ಡ ರಕ್ತನಾಳಕ್ಕೆ ಸೇರುತ್ತವೆ, ಅವನ್ನು ಮೊದಲೇ ಕಟ್ಟಿಬಿಟ್ಟೆ, ಎಳೆದು ಹರಿದರೆ ರಕ್ತ ನಿಲ್ಲಿಸುವುದು ಕಷ್ಟ. ಕುತ್ತಿಗೆಯ ಬುಡದಿಂದ ವಪೆಯವರೆಗೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇರುವ ಕೊಬ್ಬನ್ನೂ ತೆಗೆದೆ, ಅದರಲ್ಲಿ ಥೈಮಸ್‌ನ ಚೂರುಗಳು ಅಲ್ಲಲ್ಲಿ ಅಡಗಿರುತ್ತವೆ.

ಕಷ್ಟ ಬಂದದ್ದು ಎಡಗಡೆ. ಫ್ರೆನಿಕ್ ನರ ಗಡ್ಡೆಗೆ ಅಂಟಿಕೊಂಡಿತ್ತು. ವಪೆಯನ್ನು ಆಡಿಸಿ ಉಸಿರು ಎಳೆಸುವ ನರ ಅದು. ಕ್ಯಾನ್ಸರ್ ನಿಯಮದ ಪ್ರಕಾರ ಗಡ್ಡೆಯ ಜೊತೆ ಕತ್ತರಿಸಬೇಕು. ಆದರೆ ಮೊದಲೇ ಸ್ನಾಯು ಸೋತಿರುವವರಿಗೆ ಅರ್ಧ ವಪೆ ಹೋದರೆ? ಹಿಂದಿನ ದಿನವೇ ಗಂಡ ಹೆಂಡತಿಗೆ ಇದನ್ನು ಹೇಳಿದ್ದೆ. "ಉಸಿರು ಉಳಿಸಿ ಡಾಕ್ಟ್ರೇ, ಆಮೇಲಿಂದು ಆಮೇಲೆ" ಅಂದಿದ್ದರು ಆಕೆ. ಕರೆಂಟಿನ ಚಾಕು ಪಕ್ಕಕ್ಕಿಟ್ಟೆ, ಅದರ ಬಿಸಿಯೇ ನರವನ್ನು ಸುಡುತ್ತದೆ. ಬರೀ ಕತ್ತರಿಯಲ್ಲಿ ಎಳೆ ಎಳೆಯಾಗಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಂಟಿದ್ದ ಹೃದಯದ ಹೊದಿಕೆಯ ತುಂಡನ್ನು ಗಡ್ಡೆಯ ಜೊತೆಗೇ ತೆಗೆದೆ. ನರದ ಪಕ್ಕ ಟೈಟೇನಿಯಂ ಕ್ಲಿಪ್ ಹಾಕಿದೆ, ರೇಡಿಯೇಷನ್ ಕೊಡುವವರಿಗೆ ಜಾಗ ಗೊತ್ತಾಗಲಿ ಅಂತ.

ಎರಡನೇ ರಾತ್ರಿ ನರ್ಸ್ ಫೋನ್ ಮಾಡಿದರು. ಮಾತು ಮೂಗಿನಲ್ಲಿ ಬರ್ತಿದೆ, ಕಫ ಹೊರಗೆ ಬರ್ತಿಲ್ಲ. ಹೋಗಿ ಎಣಿಸಲು ಹೇಳಿದೆ. 17ಕ್ಕೆ ನಿಂತರು. ಆಕ್ಸಿಜನ್ ಮಟ್ಟ ಚೆನ್ನಾಗೇ ಇತ್ತು. ಅದನ್ನೊಂದೇ ನಂಬಿ ಕೂತರೆ ತಡವಾಗುತ್ತದೆ, ಅದು ಬೀಳುವುದು ಕೊನೆಗೆ. ತಕ್ಷಣ ಒತ್ತಡದಲ್ಲಿ ಗಾಳಿ ಕೊಡುವ ಬೈಪ್ಯಾಪ್ ಮಾಸ್ಕ್ ಹಾಕಿದೆವು, ಫಿಸಿಯೋದವರು ಬೆನ್ನು ತಟ್ಟಿ ಕಫ ತೆಗೆಸಿದರು, ಬೆಳಗಿನ ತನಕ ನಾನು ಐಸಿಯುನಲ್ಲೇ ಇದ್ದೆ. ಗಂಟಲಿಗೆ ಟ್ಯೂಬ್ ಹಾಕುವುದು ತಪ್ಪಿತು. ನಾಲ್ಕನೇ ದಿನ 26 ಎಣಿಸಿದರು.

ಪೆಥಾಲಜಿ ವರದಿಯಲ್ಲಿ ಬಿ2 ಬಗೆಯ ಥೈಮೋಮಾ ಅಂತ ಬಂತು, ಹೃದಯದ ಹೊದಿಕೆಗೂ ಹರಡಿತ್ತು, ಅಂದರೆ ಥೈಮೋಮಾ ಎಷ್ಟು ಹರಡಿದೆ ಅಂತ ಅಳೆಯುವ ಮಸಾವೋಕ ಲೆಕ್ಕದಲ್ಲಿ ಮೂರನೇ ಹಂತ. ರೇಡಿಯೇಷನ್ ಆಯಿತು. ಎಡ ವಪೆ ಮೊದಮೊದಲು ಎಕ್ಸ್‌ರೇಯಲ್ಲಿ ಸ್ವಲ್ಪ ಮೇಲೇ ಇತ್ತು, ಮೂರು ತಿಂಗಳಲ್ಲಿ ಕೆಳಗೆ ಬಂತು. ಆ ಚಿತ್ರ ನೋಡಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಗಡ್ಡೆ ತೆಗೆದ ತಕ್ಷಣ ಮಯಸ್ತೇನಿಯಾ ಹೋಗಿಬಿಡುವುದಿಲ್ಲ, ಇದನ್ನು ಮೊದಲೇ ಹೇಳದಿದ್ದರೆ ಜನ ಕಂಗಾಲಾಗುತ್ತಾರೆ. ಅವರ ಮಾತ್ರೆ ಇಳಿಸಲು ಒಂದೂವರೆ ವರ್ಷ ಬೇಕಾಯಿತು. ಈಗ ಸಂಜೆಯೂ ಹೂ ಕಟ್ಟುತ್ತಾರೆ. ಥೈಮೋಮಾ ಹತ್ತು ವರ್ಷ ಕಳೆದ ಮೇಲೂ ಎದೆಯ ಒಳಪದರದಲ್ಲಿ ಮತ್ತೆ ತಲೆ ಎತ್ತಬಹುದು, ಹಾಗಾಗಿ ವರ್ಷಕ್ಕೊಂದು ಸ್ಕ್ಯಾನ್ ತಪ್ಪಿಸುವಂತಿಲ್ಲ. ಯಾವಾಗ ಬರ್ತೀರಿ ಅಂತ ಕೇಳಿದರೆ ಅವರೇ ಆಷಾಢ ಅಂತ ಗೊತ್ತು ಮಾಡಿದ್ದಾರೆ. ಆಗ ಮದುವೆ ಇರುವುದಿಲ್ಲ, ಹೂವಿನ ವ್ಯಾಪಾರ ಕಮ್ಮಿ.